ಹೆತ್ತವರ ನಿಗಾ ಮತ್ತು ಮಕ್ಕಳ ಮೊಬೈಲು: ತಿಳಿವಳಿಕೆಯ ಮೂಲವನ್ನು ಕುರಿತು

ಮಕ್ಕಳು ಅಂತರ್ಜಾಲದಲ್ಲಿ ಏನು ಮಾಡುತ್ತಾರೆಂದು ಹೆತ್ತವರು ಗಮನಿಸುತ್ತಿರಬೇಕೇ? ಎಂಟು ಹತ್ತು ವರ್ಷದ ಮಗುವಿನ ಮಟ್ಟಿಗೆ ಈ ಪ್ರಶ್ನೆಯಲ್ಲಿ ಹೆಚ್ಚು ತೊಡಕಿಲ್ಲ, ಗಮನಿಸಲೇಬೇಕು. ತೊಡಕು ಶುರುವಾಗುವುದು ಹದಿಹರೆಯದಲ್ಲಿ. ನಿಗಾ ಇಟ್ಟರೆ ವಿಷಯ ತಿಳಿಯುತ್ತದೆ, ತಿಳಿದರೆ ಕಾಪಾಡಬಹುದು ಎಂಬ ನಂಬಿಕೆಯ ಮೇಲೆ ಇಲ್ಲಿನ ವಾದವೆಲ್ಲ ನಿಂತಿದೆ. ಈ ನಂಬಿಕೆಯ ಮೊದಲರ್ಧವನ್ನೇ ಪರೀಕ್ಷಿಸಬೇಕೆಂಬುದು ನನ್ನ ಅಭಿಪ್ರಾಯ.

ಅದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರು ಸ್ವೀಡನ್ನಿನಲ್ಲಿ ಸಂಶೋಧನೆ ನಡೆಸಿದ ಹಾಕನ್ ಸ್ಟ್ಯಾಟಿನ್ ಮತ್ತು ಮಾರ್ಗರೆಟ್ ಕೆರ್. 14 ವರ್ಷದ 703 ಮಕ್ಕಳನ್ನೂ ಅವರ ಹೆತ್ತವರನ್ನೂ ಒಳಗೊಂಡ ಅವರ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಮಗ ಎಲ್ಲಿದ್ದಾನೆ, ಯಾರ ಜೊತೆಗಿದ್ದಾನೆ ಎಂಬುದು ಹೆತ್ತವರಿಗೆ ಎಷ್ಟು ಗೊತ್ತು ಎಂದಷ್ಟೇ ಹಿಂದಿನ ಸಂಶೋಧಕರು ಅಳೆಯುತ್ತಿದ್ದರು. ಗೊತ್ತಿದ್ದರೆ ನಿಗಾ ಚೆನ್ನಾಗಿದೆ ಎಂದು ಬರೆದುಕೊಳ್ಳುತ್ತಿದ್ದರು. ಇವರು ಆ ತಿಳಿವಳಿಕೆ ಬಂದ ದಾರಿಗಳನ್ನು ಬೇರ್ಪಡಿಸಿದರು: ಮಕ್ಕಳು ತಾವಾಗಿ ಹೇಳಿದ್ದು, ಹೆತ್ತವರು ಕೇಳಿ ತಿಳಿದದ್ದು, ಕಟ್ಟುಪಾಡು ಹಾಕಿ ಪಡೆದದ್ದು. ಹೆಚ್ಚಿನ ಪಾಲು ಬಂದದ್ದು ಮೊದಲ ದಾರಿಯಿಂದ. ಅದೇ ಸಂಶೋಧಕರು ಸಹೋದ್ಯೋಗಿಯೊಬ್ಬರೊಡನೆ ಮಕ್ಕಳನ್ನು ಕಾಲಾಂತರದಲ್ಲಿ ಅನುಸರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಈ ನಿಲುವನ್ನೇ ಬೆಂಬಲಿಸಿತು. ಆಕ್ಷೇಪಗಳು ಬರದೆ ಇರಲಿಲ್ಲ. ಹೆತ್ತವರ ಹಿಡಿತಕ್ಕೂ ತನ್ನದೇ ಪರಿಣಾಮವಿದೆ ಎಂದು ಆನ್ ಫ್ಲೆಚರ್, ಲಾರೆನ್ಸ್ ಸ್ಟೈನ್‌ಬರ್ಗ್ ಮೊದಲಾದವರು 2004ರಲ್ಲಿ ವಾದಿಸಿದರು. ಆದ್ದರಿಂದ ಕಟ್ಟುಪಾಡೇ ಬೇಡ ಎಂಬ ತೀರ್ಮಾನ ಇಲ್ಲಿಂದ ಹೊರಡುವುದಿಲ್ಲ. ಆದರೆ ಮಗುವಿನ ಬಾಯಿ ಮುಚ್ಚಿಸುವಂಥ ನಿಗಾ ತಿಳಿವಳಿಕೆಯ ದೊಡ್ಡ ಮೂಲವನ್ನೇ ಬತ್ತಿಸುತ್ತದೆ ಎಂಬುದು ಉಳಿಯುತ್ತದೆ.

ಮಾರುಕಟ್ಟೆಗೆ ಈ ಎಚ್ಚರ ತಲುಪಿದಂತಿಲ್ಲ. ಪಮೇಲಾ ವಿಸ್ನಿಯೆವ್‌ಸ್ಕಿ ಮತ್ತು ಸಂಗಡಿಗರು 2017ರಲ್ಲಿ 75 ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿನ ಸೌಲಭ್ಯಗಳ ಶೇ. 89ರಷ್ಟು ಹೆತ್ತವರ ನಿಯಂತ್ರಣಕ್ಕೆ ಮೀಸಲಾಗಿದ್ದವು. ಹದಿಹರೆಯದವರು ತಮ್ಮನ್ನು ತಾವೇ ಅಂಕೆಯಲ್ಲಿಟ್ಟುಕೊಳ್ಳಲು ನೆರವಾಗುವಂಥವು ಶೇ. 11 ಮಾತ್ರ. ಆ್ಯಪ್ ಇಲ್ಲದೆಯೂ ಗುಟ್ಟಾಗಿ ಓದುವ ದಾರಿಗಳಿವೆ. ಮಗಳು ನಿದ್ದೆಹೋದಾಗ ಅವಳ ವಾಟ್ಸ್‌ಆ್ಯಪ್ ತೆರೆದು, ಲ್ಯಾಪ್‌ಟಾಪ್ ಪರದೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅವಳ ಸಂದೇಶಗಳು ಅಪ್ಪನ ಕಣ್ಣೆದುರು ಬಂದು ಬೀಳುತ್ತವೆ. ಆದರೆ ‘ಲಿಂಕ್ಡ್ ಡಿವೈಸಸ್’ ಪಟ್ಟಿಯಲ್ಲಿ ಆ ಲ್ಯಾಪ್‌ಟಾಪಿನ ನಮೂದು ಇದ್ದೇ ಇರುತ್ತದೆ. ಮನೆಯವರ ಫೋನಿಗೆಲ್ಲ ಆ್ಯಪ್ ಹಾಕಿಕೊಡುವವಳೇ ಅವಳಾಗಿರುವಾಗ ಅದು ಕಣ್ಣಿಗೆ ಬೀಳಲು ಹೆಚ್ಚು ದಿನ ಬೇಕಿಲ್ಲ. ಆಮೇಲೆ ಮಾತು ಬೇರೆ ಆ್ಯಪಿಗೋ ಗೆಳತಿಯ ಫೋನಿಗೋ ಹೋಗುತ್ತದೆ.

ನಮ್ಮ ಹಳ್ಳಿಗಳ ಸ್ಥಿತಿ ಇನ್ನೊಂದು ಬಗೆಯದು. ಗ್ರಾಮೀಣ ಭಾರತದ ಶಿಕ್ಷಣ ಸ್ಥಿತಿಯನ್ನು ಕುರಿತ 2024ರ ‘ಅಸರ್’ ವರದಿಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16 ವರ್ಷದ ಹುಡುಗರಲ್ಲಿ ಶೇ. 36.2 ಮಂದಿಗೆ ಸ್ವಂತ ಫೋನಿದ್ದರೆ ಹುಡುಗಿಯರಲ್ಲಿ ಶೇ. 26.9 ಮಂದಿಗೆ ಮಾತ್ರ. ಉಳಿದವರದು ಮನೆಮಂದಿಯ ಫೋನು; ಅಲ್ಲಿ ನಿಗಾಕ್ಕೆ ಯಾವ ತಂತ್ರಾಂಶವೂ ಬೇಡ, ಅಣ್ಣನೊಬ್ಬ ಪಕ್ಕದಲ್ಲಿ ಕೂತರೆ ಸಾಕು. ಸುರಕ್ಷತೆಯ ಹೆಸರಿನಲ್ಲಿ ಮೊದಲು ಕಿತ್ತುಕೊಳ್ಳುವುದು ಹುಡುಗಿಯ ಕೈಯ ಫೋನನ್ನು ಎಂಬುದನ್ನು ಒಪ್ಪಿಕೊಳ್ಳದೆ ಕರ್ನಾಟಕದಲ್ಲಿ ಈ ಚರ್ಚೆ ಪ್ರಾಮಾಣಿಕವಾಗಿ ನಡೆಯಲಾರದು. ತೊಂದರೆ ಕೊಟ್ಟವನು ಬೇರೆ, ದಂಡ ತೆರುವವಳು ಇವಳು.

ಕಾನೂನು ಮನೆಯ ಹೊಸ್ತಿಲಲ್ಲೇ ನಿಲ್ಲುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ ಹೊರಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮಕ್ಕಳ ಖಾಸಗಿತನಕ್ಕೆ ವಿಶೇಷ ರಕ್ಷಣೆ ಬೇಕೆಂದು ಆ ಪೀಠದಲ್ಲಿದ್ದ ಸಂಜಯ್ ಕಿಶನ್ ಕೌಲ್ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಬರೆದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಕಂಪನಿಗಳು ಮಕ್ಕಳ ಜಾಡು ಹಿಡಿಯುವುದನ್ನು ನಿಷೇಧಿಸುತ್ತದೆ, ಹೆತ್ತವರ ಒಪ್ಪಿಗೆಯನ್ನು ಕಡ್ಡಾಯ ಮಾಡುತ್ತದೆ. ಆದರೆ ಈ ಕಾಯ್ದೆ ಮನೆಯೊಳಗಿನ ಖಾಸಗಿ ಬಳಕೆಗೆ ಅನ್ವಯಿಸುವುದಿಲ್ಲ. ಅದರ ದೃಷ್ಟಿಯಲ್ಲಿ ಏಳು ವರ್ಷದ ಮಗುವೂ ಹದಿನೇಳರ ಪಿಯುಸಿ ವಿದ್ಯಾರ್ಥಿನಿಯೂ ಒಂದೇ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 5ನೇ ವಿಧಿಯಾದರೋ ಮಗುವಿನ ಬೆಳೆಯುವ ಸಾಮರ್ಥ್ಯಕ್ಕೆ ತಕ್ಕಂತೆ ಹೆತ್ತವರ ಮಾರ್ಗದರ್ಶನ ಇರಬೇಕೆನ್ನುತ್ತದೆ. ನಿಗಾದ ಅಳತೆಯೂ ಅದೇ ಆಗಬೇಕು: ಮಗುವಿಗೆ ಗೊತ್ತಿರುವಂತೆ ಇಡುವುದು, ವಯಸ್ಸಾದಂತೆ ಸಡಿಲಿಸುವುದು, ಅಪಾಯದ ಸುಳಿವು ಸಿಕ್ಕಾಗ ಮಾತ್ರ ಬಿಗಿಗೊಳಿಸುವುದು.

ಅಪಾಯ ಬಂದೇ ಬಂದಾಗಿನ ಮಾತನ್ನೂ ಆಡಬೇಕು. ಫೋಟೋ ಹಿಡಿದುಕೊಂಡು ಬೆದರಿಸುವವನ ವಿರುದ್ಧ ಸೈಬರ್ ಠಾಣೆಯಲ್ಲಿ ದೂರು ಕೊಡುವಾಗ ಅವನ ಖಾತೆಯ ಹೆಸರು, ಕಳಿಸಿದ ಸಂದೇಶ, ಹಣ ಕೇಳಿದ್ದಕ್ಕೆ ಸ್ಕ್ರೀನ್‌ಶಾಟ್ ಇದ್ದರೆ ತನಿಖೆಗೆ ದಾರಿ ಸಿಗುತ್ತದೆ. ಅಪ್ಪ ನೋಡಿದರೆ ಫೋನೂ ಹೋಗುತ್ತದೆ, ಕಾಲೇಜೂ ನಿಲ್ಲುತ್ತದೆ ಎಂದು ಹೆದರಿದ ಹುಡುಗಿ ಮೊದಲು ಮಾಡುವ ಕೆಲಸ ಆ ಸಂದೇಶಗಳನ್ನೆಲ್ಲ ಅಳಿಸಿಹಾಕುವುದು. ಬೈಯುವುದಿಲ್ಲ, ಫೋನು ಕಸಿಯುವುದಿಲ್ಲ ಎಂಬ ಭರವಸೆ ಮೊದಲೇ ಸಿಕ್ಕವಳು ಅವುಗಳನ್ನು ಹಾಗೇ ಉಳಿಸಿಕೊಂಡು ಅಮ್ಮನ ಹತ್ತಿರ ಬರುತ್ತಾಳೆ.