ಉರಿಯೂತದ ಶಮನಕಾರಕಗಳು: ಒಂದು ಸಮೀಕ್ಷೆ

ಕೋವಿಡ್ ಮಹಾಮಾರಿಯ ದಿನಗಳಲ್ಲಿ ಸೈಟೊಕೈನ್ ಎಂಬ ಹೆಸರು ಪತ್ರಿಕೆಗಳ ಮೂಲಕ ಮನೆಮನೆಗೂ ತಲುಪಿತಾದರೂ, ಅದು ತಲುಪಿದ್ದು ಶ್ವಾಸಕೋಶವನ್ನು ಧ್ವಂಸಗೊಳಿಸುವ ದ್ರವ್ಯವೊಂದರ ಹೆಸರಾಗಿ. ಅಂದಿನಿಂದ ಉರಿಯೂತವೆಂದರೆ ಅಡಗಿಸಬೇಕಾದ ಶತ್ರು, ಅದಕ್ಕೆ ಕಾರಣವಾದ ಪ್ರೋಟೀನುಗಳೆಂದರೆ ನಿರ್ಮೂಲ ಮಾಡಬೇಕಾದ ವಿಷವೆಂಬ ಭಾವನೆ ವಿದ್ಯಾವಂತರಲ್ಲಿಯೂ, ವಿಷಾದದ ಮಾತೆಂದರೆ ಕೆಲವು ವೈದ್ಯರಲ್ಲಿಯೂ ಬೇರೂರಿದೆ. ಜೀವಕೋಶಗಳು ಪರಸ್ಪರ ಕಳುಹುವ ಈ ಸಂದೇಶವಾಹಕಗಳಲ್ಲಿ ಉರಿಯನ್ನು ಹೊತ್ತಿಸುವವು ಇರುವಂತೆ ಆರಿಸುವವೂ ಇವೆ. ಎರಡನೆಯವನ್ನು ಬಿಟ್ಟು ಬರೆದ ಚರಿತ್ರೆ ಅರ್ಧ ಚರಿತ್ರೆಯೇ ಸರಿ.

ಆರಂಭದ ಘಟ್ಟಗಳು ಸುಪರಿಚಿತವಾದವು. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇಂಟರ್‌ಫೆರಾನನ್ನು ಕಂಡರು; 1975ರಲ್ಲಿ ಲಾಯ್ಡ್ ಓಲ್ಡರ ಸಂಗಡಿಗರು ಟಿ.ಎನ್.ಎಫ್. ಎಂಬುದನ್ನು ವರ್ಣಿಸಿದರು, ಡಿನಾರೆಲ್ಲೊ ಮೊದಲಾದವರು ಜ್ವರಕಾರಕ ದ್ರವ್ಯವು ಇಂಟರ್‌ಲ್ಯೂಕಿನ್-1 ಎಂಬುದನ್ನು ಸ್ಪಷ್ಟಪಡಿಸಿದರು, 1986ರಲ್ಲಿ ಒಸಾಕಾದ ಕಿಷಿಮೊಟೊ ಮತ್ತು ಹಿರಾನೊ ಇಂಟರ್‌ಲ್ಯೂಕಿನ್-6ರ ಜೀನನ್ನು ಹಿಡಿದರು. ಇದೆಲ್ಲ ಬಹುಮಟ್ಟಿಗೆ ಹೊತ್ತಿಸುವವುಗಳ ಕಥೆ.

ನಮ್ಮ ಪೀಳಿಗೆಯವರು ಪ್ರಯೋಗಶಾಲೆಯನ್ನು ಪ್ರವೇಶಿಸಿದ ಕಾಲದಲ್ಲಿಯೇ ವಿಜ್ಞಾನದ ದೃಷ್ಟಿ ಆರಿಸುವವುಗಳತ್ತ ಹೊರಳಿದುದು ನಮ್ಮ ಭಾಗ್ಯ. 1989ರಲ್ಲಿ ಟಿಮ್ ಮೋಸ್ಮನ್ನರ ಬಳಗವು, ಒಂದು ಬಗೆಯ ಸಹಾಯಕ ಟಿ-ಕೋಶಗಳು ಸ್ರವಿಸಿದ ದ್ರವದಲ್ಲಿ ಇನ್ನೊಂದು ಬಗೆಯ ಕೋಶಗಳ ಸೈಟೊಕೈನ್ ಉತ್ಪಾದನೆಯನ್ನು ತಗ್ಗಿಸುವ ಅಂಶವೊಂದಿದೆಯೆಂದು ತೋರಿಸಿತು, ಅದೇ ಇಂಟರ್‌ಲ್ಯೂಕಿನ್-10. ರೋಗಾಣುವನ್ನು ಕಂಡು ಟಿ.ಎನ್.ಎಫ್. ಸುರಿಸಿದ ಮ್ಯಾಕ್ರೊಫೇಜ್ ಕೋಶವೇ ತುಸು ಹೊತ್ತಿನ ಬಳಿಕ ಇದನ್ನೂ ಸ್ರವಿಸುತ್ತದೆ. ಅದು ತನ್ನ ಗ್ರಾಹಕವನ್ನು ಸೇರಿ, ಸ್ಟ್ಯಾಟ್-3 ಎಂಬ ಒಳಸಂಕೇತವನ್ನು ಚಾಲಿಸಿ, ಟಿ.ಎನ್.ಎಫ್. ಮತ್ತು ಇಂಟರ್‌ಲ್ಯೂಕಿನ್-1, 6 ಇವುಗಳ ಉತ್ಪತ್ತಿಯನ್ನು ಕುಗ್ಗಿಸುತ್ತದೆ. ಆರಂಭದಲ್ಲಿಯೇ ಅಂತ್ಯದ ಏರ್ಪಾಡೂ ಅಡಕವಾಗಿರುವ ಈ ವ್ಯವಸ್ಥೆಯಷ್ಟು ಮನೋಹರವಾದುದನ್ನು ನಾನು ಈ ಶಾಸ್ತ್ರದಲ್ಲಿ ಬೇರೆ ಕಂಡಿಲ್ಲ.

1993ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಇಂಟರ್‌ಲ್ಯೂಕಿನ್-10ರ ಜೀನನ್ನು ಕಳೆದುಕೊಂಡ ಇಲಿಗಳನ್ನು ಸೃಷ್ಟಿಸಿದಾಗ ಅವುಗಳ ಕರುಳು ಬಿಡದ ಉರಿಯೂತಕ್ಕೆ ತುತ್ತಾಯಿತು. ಅಂಥವೇ ಇಲಿಗಳನ್ನು ಮುಂದೆ ಸೂಕ್ಷ್ಮಾಣುರಹಿತವಾದ ಪರಿಸರದಲ್ಲಿ ಸಾಕಿದಾಗ ರೋಗ ತಲೆದೋರಲಿಲ್ಲ. ಎಂದರೆ, ಕರುಳಿನ ನಿರಪಾಯ ಜೀವಿಗಳೊಡನೆ ದೇಹವು ನಡೆಸುವ ನಿತ್ಯದ ಸಹಬಾಳ್ವೆಯೇ ಈ ಪ್ರೋಟೀನನ್ನು ಅವಲಂಬಿಸಿದೆ. 2009ರಲ್ಲಿ ಇದೇ ಸತ್ಯವು ಮನುಷ್ಯರಲ್ಲಿಯೂ ಪ್ರಕಟವಾಯಿತು: ಹುಟ್ಟಿದ ಮೊದಲ ವರ್ಷದಲ್ಲಿಯೇ ತೀವ್ರವಾದ ಕರುಳುರಿಯೂತಕ್ಕೊಳಗಾದ ಮಕ್ಕಳಲ್ಲಿ ಇಂಟರ್‌ಲ್ಯೂಕಿನ್-10ರ ಗ್ರಾಹಕದ ಜೀನು ಕೆಟ್ಟಿತ್ತು, ಅಸ್ಥಿಮಜ್ಜೆಯ ಕಸಿಯಿಂದ ಒಂದು ಮಗು ಚೇತರಿಸಿಕೊಂಡಿತು.

ಚಿಕಿತ್ಸೆಯ ಕೀರ್ತಿಯಾದರೋ ಹೊತ್ತಿಸುವವುಗಳನ್ನು ತಡೆಯುವ ಔಷಧಗಳ ಪಾಲಾಯಿತು. ಸಂಧಿವಾತದಲ್ಲಿ ಟಿ.ಎನ್.ಎಫ್.ಅನ್ನು ತಡೆದು ಫೆಲ್ಡ್‌ಮನ್ ಮತ್ತು ಮೈನಿ ಮಾಡಿದ ಉಪಕಾರ ಮಹತ್ತಾದುದು, ಸಂದೇಹವಿಲ್ಲ. ಆದರೆ ಆ ಔಷಧ ಪಡೆದವರಲ್ಲಿ ಸುಪ್ತವಾಗಿದ್ದ ಕ್ಷಯ ಮರುಕಳಿಸಿದ ವರದಿ 2001ರಲ್ಲಿ ಬಂದಾಗ, ಕ್ಷಯಾಣುಗಳನ್ನು ಗಂಟಿನೊಳಗೆ ಬಂಧಿಸಿಡುವುದೂ ಟಿ.ಎನ್.ಎಫ್.ನ ಕೆಲಸವೇ ಎಂಬುದು ಚಿಕಿತ್ಸಾಲಯದಲ್ಲಿಯೂ ಸಿದ್ಧವಾಯಿತು. ಕ್ಷಯ ವ್ಯಾಪಕವಾಗಿರುವ ನಮ್ಮ ದೇಶಕ್ಕೆ ಇದು ದೂರದ ಮಾತಲ್ಲ.

ಇತ್ತ ಕ್ರೋನ್ಸ್ ಎಂಬ ಕರುಳುರಿಯೂತದ ರೋಗಿಗಳಿಗೆ ಇಂಟರ್‌ಲ್ಯೂಕಿನ್-10ನ್ನು ಚುಚ್ಚುಮದ್ದಾಗಿ ಕೊಟ್ಟ ಪ್ರಯೋಗಗಳು ನಿರೀಕ್ಷಿತ ಫಲ ಕೊಡಲಿಲ್ಲವೆಂದು ಉತ್ಸಾಹವೇ ಬತ್ತಿತು. ಇದು ಅವಸರದ ತೀರ್ಮಾನ. ಇಂಟರ್‌ಲ್ಯೂಕಿನ್-1ಕ್ಕೆ ದೇಹದಲ್ಲಿ ಸಹಜವಾಗಿರುವ ಪ್ರತಿರೋಧಕವನ್ನೇ ಆಧರಿಸಿದ ಅನಾಕಿನ್ರಾ ಎಂಬ ಔಷಧವು, ಆ ಪ್ರತಿರೋಧಕವು ಹುಟ್ಟಿನಿಂದಲೇ ಇಲ್ಲದ ಶಿಶುಗಳನ್ನು ಬದುಕಿಸಿದೆ. ಶಮನಕಾರಕವನ್ನು ಪೂರೈಸುವ ಮಾರ್ಗ ಅಸಾಧ್ಯವಲ್ಲ. ಕೊರತೆಯಿರುವುದು ಯಾವ ಅಂಗಾಂಶಕ್ಕೆ, ಯಾವ ಘಳಿಗೆಯಲ್ಲಿ, ಎಷ್ಟನ್ನು ತಲುಪಿಸಬೇಕೆಂಬ ಜ್ಞಾನದಲ್ಲಿ.

ತರುಣ ವೈದ್ಯರಲ್ಲಿ ನನ್ನ ಬಿನ್ನಹವಿಷ್ಟೆ: ಟಿ.ಎನ್.ಎಫ್. ತಡೆಯುವ ಮದ್ದನ್ನು ಬರೆಯುವ ಮುನ್ನ ಕ್ಷಯದ ಪರೀಕ್ಷೆಯನ್ನು ತಪ್ಪಿಸಬೇಡಿ. ಎಳೆಯ ಶಿಶುವಿನ ಕರುಳುರಿಯೂತ ಯಾವ ಮದ್ದಿಗೂ ಬಗ್ಗದಿದ್ದಾಗ ಇಂಟರ್‌ಲ್ಯೂಕಿನ್-10 ಮತ್ತು ಅದರ ಗ್ರಾಹಕಗಳ ಜೀನುಗಳನ್ನು ಪರೀಕ್ಷಿಸಲು ತಡಮಾಡಬೇಡಿ.