ಋಣ ಮತ್ತು ಹರಣ: ಆಕರನಿರ್ದೇಶದ ಚರಿತ್ರೆಯಿಂದ ಒಂದು ಪಾಠ

ಪ್ರತಿವರ್ಷವೂ ವಿದ್ಯಾರ್ಥಿಗಳ ಪ್ರಬಂಧಗಳು ನಮ್ಮ ಕೈಸೇರುವಾಗ ಒಂದು ಅನುಭವ ತಪ್ಪದೆ ಮರುಕಳಿಸುತ್ತದೆ. ಒಂದು ಪುಟದಲ್ಲಿ ತಡವರಿಸುತ್ತ ನಡೆದ ಭಾಷೆ ಮರುಪುಟದಲ್ಲಿ ಇದ್ದಕ್ಕಿದ್ದಂತೆ ಪ್ರೌಢವಾಗುತ್ತದೆ. ಹಿರಿಯ ವಿದ್ವಾಂಸರೊಬ್ಬರ ವಾಕ್ಯಸರಣಿ ಅಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ. ಅವರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಬರೆದವರನ್ನು ಕರೆದು ವಿಚಾರಿಸಿದರೆ, “ಪುಸ್ತಕದಲ್ಲಿ ಇದ್ದುದನ್ನೇ ಬರೆದಿದ್ದೇನಲ್ಲಾ ಸಾರ್, ತಪ್ಪೇನು?” ಎಂಬ ಉತ್ತರ ಬರುತ್ತದೆ. ಈ ಮಾತಿನಲ್ಲಿ ಕಪಟವಿದೆಯೆಂದು ನಾವು ಭಾವಿಸುವುದಿಲ್ಲ. ಪುಸ್ತಕದ ಮಾತನ್ನು ಚಾಚೂ ತಪ್ಪದೆ ಒಪ್ಪಿಸಿದವನಿಗೇ ಶಾಲೆಯಲ್ಲಿ ಅಂಕ ದೊರೆತಿರುವಾಗ, ಕಾಲೇಜಿಗೆ ಬಂದೊಡನೆ ಅದೇ ಗುಣ ದೋಷವಾಗುವುದೆಂತೆಂದು ಅವನಿಗೆ ತಿಳಿಯದಿರುವುದು ಸಹಜವೇ ಆಗಿದೆ.

ಹೀಗಿರಲು, ಕೃತಿಚೌರ್ಯವನ್ನು ಮಾಡಬಾರದೆಂದು ನಿಷೇಧಿಸಿದರಷ್ಟೇ ಸಾಲದು. ಏಕೆ ಮಾಡಬಾರದೆಂಬುದನ್ನು ವಿವರಿಸಬೇಕಾಗುತ್ತದೆ. ಆಕರಗಳನ್ನು ಹೆಸರಿಸುವ ಪದ್ಧತಿ ಪಾಶ್ಚಾತ್ಯ ವಿಶ್ವವಿದ್ಯಾಲಯಗಳಿಂದ ಬಂದ ಒಂದು ಕಟ್ಟಳೆಯೆಂದು ಹಲವರು ತಿಳಿದಿದ್ದಾರೆ. ಅಡಿಟಿಪ್ಪಣಿಯ ಈಗಿನ ಆಕಾರ ಹೊರಗಿನಿಂದ ಬಂದಿರಬಹುದು. ಅದರ ಹಿಂದಿರುವ ವಿಚಾರ ಮಾತ್ರ ನಮ್ಮ ಅಲಂಕಾರಶಾಸ್ತ್ರಕ್ಕೂ ಕನ್ನಡ ಕಾವ್ಯಪರಂಪರೆಗೂ ಹೊಸದಲ್ಲ. ಈ ಚರಿತ್ರೆಯ ಕೆಲವು ಘಟ್ಟಗಳನ್ನು ಪರಿಶೀಲಿಸಿ, ಅವುಗಳಿಂದ ವಿದ್ಯಾರ್ಥಿಗಳು ಕಲಿಯಬಹುದಾದುದೇನೆಂಬುದನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಪರರ ಮಾತನ್ನು ಬಳಸುವ ವಿಷಯವನ್ನು ಭಾರತೀಯ ಲಾಕ್ಷಣಿಕರಲ್ಲಿ ಅತ್ಯಂತ ವಿಸ್ತಾರವಾಗಿ ಚರ್ಚಿಸಿದವನು ರಾಜಶೇಖರ. ಕನೋಜಿನ ಪ್ರತೀಹಾರ ಅರಸರ ಆಶ್ರಯದಲ್ಲಿದ್ದು, ಕ್ರಿ.ಶ. ೯೦೦ರ ಸುಮಾರಿನಲ್ಲಿ ಬಾಳಿದ ಈತನ ‘ಕಾವ್ಯಮೀಮಾಂಸೆ’ ೧೯೧೬ರಲ್ಲಿ ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಮೊದಲ ಪುಸ್ತಕವಾಗಿ ಅಚ್ಚಾಯಿತು. ಅದರ ಹನ್ನೊಂದು, ಹನ್ನೆರಡು ಮತ್ತು ಹದಿಮೂರನೆಯ ಅಧ್ಯಾಯಗಳು ಈ ವಿಷಯಕ್ಕೇ ಮೀಸಲಾಗಿವೆ. ಬೇರೊಬ್ಬರು ಪ್ರಯೋಗಿಸಿದ ಶಬ್ದವನ್ನಾಗಲಿ ಅರ್ಥವನ್ನಾಗಲಿ ತನ್ನ ಕೃತಿಯಲ್ಲಿ ತಂದಿಡುವುದನ್ನು ಆತ ‘ಹರಣ’ವೆಂದು ಕರೆಯುತ್ತಾನೆ. ಅದರಲ್ಲಿ ಬಿಡತಕ್ಕದ್ದೂ ಉಂಟು, ಒಪ್ಪತಕ್ಕದ್ದೂ ಉಂಟು ಎಂಬುದು ಅವನ ಮತ. ಶಬ್ದಹರಣ ಐದು ಬಗೆ: ಒಂದು ಪದವನ್ನು ತೆಗೆದುಕೊಳ್ಳುವುದು, ಪದ್ಯದ ಒಂದು ಪಾದವನ್ನು, ಅರ್ಧವನ್ನು, ಇಡೀ ವೃತ್ತವನ್ನು, ಕೊನೆಗೆ ಇಡೀ ಪ್ರಬಂಧವನ್ನೇ ತೆಗೆದುಕೊಳ್ಳುವುದು. ಹಣ ಕೊಟ್ಟು ಕೊಂಡ ಕವಿತೆಯೂ ಹರಣವೇ, ಅಂತಹ ಅಪಕೀರ್ತಿಗಿಂತ ಕೀರ್ತಿಯಿಲ್ಲದಿರುವುದೇ ಲೇಸು ಎಂದೂ ಆತ ತೀರ್ಮಾನಿಸುತ್ತಾನೆ. ಪ್ರಬಂಧಗಳನ್ನು ಬರೆಯಿಸಿಕೊಂಡು ಸಲ್ಲಿಸುವವರು ಈ ತೀರ್ಮಾನವನ್ನು ಗಮನಿಸಬೇಕು.

ಅರ್ಥಹರಣದ ವಿಭಾಗ ಇದಕ್ಕಿಂತ ಸೂಕ್ಷ್ಮವಾದುದು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದ ಕೊನೆಯ ಉದ್ಯೋತದಲ್ಲಿ ಇಬ್ಬರು ಕವಿಗಳ ನಡುವಿನ ಸಾಮ್ಯವನ್ನು ಮೂರಾಗಿ ವಿಂಗಡಿಸಿದ್ದನು: ಕನ್ನಡಿಯ ಬಿಂಬದಂತಹುದು, ಚಿತ್ರದಂತಹುದು, ಒಂದೇ ಹೋಲಿಕೆಯ ಇಬ್ಬರು ಮನುಷ್ಯರಂತಹುದು. ಮೊದಲಿನ ಎರಡನ್ನು ಕವಿ ಬಿಡಬೇಕು. ಮೂರನೆಯದಕ್ಕೆ ತನ್ನದೇ ಆದ ಜೀವವಿರುವುದರಿಂದ ಅದು ಗ್ರಾಹ್ಯ. ರಾಜಶೇಖರನು ಈ ವಿಭಾಗವನ್ನು ಇನ್ನಷ್ಟು ಬೆಳೆಯಿಸಿದನು. ಅವನ ‘ಪ್ರತಿಬಿಂಬಕಲ್ಪ’ದ ಲಕ್ಷಣವನ್ನು ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ನೆನಪಿಡಬೇಕು. ಅರ್ಥವೆಲ್ಲ ಹಿಂದಿನವನದು, ವಾಕ್ಯರಚನೆ ಮಾತ್ರ ಬೇರೆ ಎಂಬಂತಿದ್ದರೆ ಅದು ಪ್ರತಿಬಿಂಬ. ವಾಕ್ಯವನ್ನು ಹಿಂದುಮುಂದು ಮಾಡಿ, ‘ಅರಸ’ನಿದ್ದಲ್ಲಿ ‘ರಾಜ’ನನ್ನು ಕೂಡಿಸಿದರೆ ಅದು ತನ್ನ ಬರಹವಾಯಿತೆಂದು ಭಾವಿಸುವವರಿಗೆ ಸಾವಿರ ವರ್ಷಗಳ ಹಿಂದೆಯೇ ಉತ್ತರ ಸಿದ್ಧವಾಗಿತ್ತು.

ಇದೇ ಪ್ರಕರಣದಲ್ಲಿ ಬರುವ ಇನ್ನೊಂದು ಸಂವಾದ ಅತ್ಯಂತ ಸ್ವಾರಸ್ಯಕರವಾಗಿದೆ. ಮಿಕ್ಕ ಕಳವುಗಳೆಲ್ಲ ಕಾಲ ಕಳೆದಂತೆ ಮರೆಯಾಗುತ್ತವೆ, ಮಾತಿನ ಕಳವು ಮಾತ್ರ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಸವೆಯುವುದಿಲ್ಲ ಎಂಬ ಮತವನ್ನು ಮೊದಲು ಹೇಳಿ, ಅನಂತರ ರಾಜಶೇಖರನು ತನ್ನ ಪತ್ನಿ ಅವಂತಿಸುಂದರಿಯ ಅಭಿಪ್ರಾಯವನ್ನು ಕೊಡುತ್ತಾನೆ. ಕವಿಗಳು ಯಾವ ಯಾವ ನೆಪದಿಂದ ಹರಣಕ್ಕೆ ಮನಸ್ಸು ಮಾಡುತ್ತಾರೆಂಬುದನ್ನು ಆಕೆ ಎಣಿಸುತ್ತಾಳೆ: ಅವನು ಅಪ್ರಸಿದ್ಧ, ನಾನು ಪ್ರಸಿದ್ಧ, ಅವನ ಭಾಷೆಗೆ ಮನ್ನಣೆಯಿಲ್ಲ, ನನ್ನದಕ್ಕೆ ಉಂಟು, ಇದನ್ನು ಬಲ್ಲವರು ಈಗ ಉಳಿದಿಲ್ಲ, ಇದನ್ನು ರಚಿಸಿದವನು ದೂರದೇಶದವನು. ಆಕೆ ಇವನ್ನು ಹರಣಕ್ಕೆ ಅನುಕೂಲವಾದ ಕಾರಣಗಳೆಂದೇ ಹೇಳಿರುವಂತೆ ತೋರುತ್ತದೆ. ಆದರೆ ಪಟ್ಟಿಯನ್ನು ಒಟ್ಟಾಗಿ ನೋಡಿದರೆ, ಅದರಲ್ಲಿರುವುದೆಲ್ಲ ಸಿಕ್ಕಿಬೀಳೆನೆಂಬ ಧೈರ್ಯವೇ ಹೊರತು ಅನ್ಯವಲ್ಲ. ಇಂಗ್ಲಿಷಿನ ಪುಸ್ತಕವನ್ನು ಕನ್ನಡಕ್ಕೆ ತಂದರೆ ಯಾರೂ ಅರಿಯರು, ಅಚ್ಚು ನಿಂತುಹೋದ ಹಳೆಯ ಗ್ರಂಥವನ್ನು ಯಾರೂ ಓದರು ಎಂದುಕೊಳ್ಳುವ ಇಂದಿನ ಪ್ರಬಂಧಕಾರನ ಲೆಕ್ಕಾಚಾರವೂ ಇದೇ ಆಗಿದೆ.

೨

ಇನ್ನು ಕನ್ನಡದ ಕಡೆಗೆ ಬರೋಣ. ಉಪಲಬ್ಧ ಕನ್ನಡ ಗ್ರಂಥಗಳಲ್ಲಿ ಮೊದಲನೆಯದೆನಿಸಿದ ‘ಕವಿರಾಜಮಾರ್ಗ’ ಕ್ರಿ.ಶ. ೮೫೦ರ ಸುಮಾರಿನದು. ದಂಡಿಯ ‘ಕಾವ್ಯಾದರ್ಶ’ಕ್ಕೆ ಅದು ಬಹುವಾಗಿ ಋಣಿಯಾಗಿದೆಯೆಂಬುದು ಸರ್ವವಿದಿತ. ನಮ್ಮ ಪ್ರಕೃತಕ್ಕೆ ಹೆಚ್ಚು ಮುಖ್ಯವಾದುದು ಅದರಲ್ಲಿ ಬರುವ ಪೂರ್ವಕವಿಗಳ ಹೆಸರುಗಳು. ಗದ್ಯದಲ್ಲಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನೂ, ಪದ್ಯದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದವರನ್ನೂ ಅದು ಸ್ಮರಿಸುತ್ತದೆ. ಇವರದೆಂದು ನಿಸ್ಸಂದೇಹವಾಗಿ ಹೇಳಬಹುದಾದ ಕನ್ನಡ ಕೃತಿ ಒಂದೂ ಇಂದು ನಮ್ಮ ಕೈಯಲ್ಲಿಲ್ಲ. ಓಲೆಗರಿಗಳು ಅಳಿದವು, ಹೆಸರುಗಳು ಉಳಿದವು. ಒಂಬತ್ತನೆಯ ಶತಮಾನಕ್ಕಿಂತ ಹಿಂದೆಯೇ ಕನ್ನಡದಲ್ಲಿ ಗದ್ಯವೂ ಪದ್ಯವೂ ಬೆಳೆದಿದ್ದವೆಂದು ನಾವು ಧೈರ್ಯವಾಗಿ ಹೇಳಲು ಮುಖ್ಯ ಆಧಾರ ಈ ಕೆಲವು ಹೆಸರುಗಳೇ. ಗ್ರಂಥಕಾರನು ತನ್ನ ಹಿಂದಿನವರನ್ನು ಮರೆತು, ಎಲ್ಲವೂ ತನ್ನಿಂದಲೇ ಮೊದಲಾಯಿತೆಂದು ಬರೆದಿದ್ದರೆ ಕನ್ನಡ ಸಾಹಿತ್ಯದ ಆದಿಭಾಗ ನಮಗೆ ಇನ್ನೂ ಕತ್ತಲೆಯಾಗಿರುತ್ತಿತ್ತು.

ಪೂರ್ವಕವಿಸ್ಮರಣೆ ಮುಂದಿನ ಕಾವ್ಯಗಳಲ್ಲಿ ಒಂದು ಸಂಪ್ರದಾಯವಾಯಿತು. ಪಂಪನು ಭಾರತವನ್ನು ಹೇಳಹೊರಟಾಗ ವ್ಯಾಸನಿಗೆ ವಂದಿಸಿ, ತಾನು ವ್ಯಾಸನೇ ಆಗುವೆನೆಂಬ ಗರ್ವ ತನಗಿಲ್ಲವೆಂದು ತಿಳಿಸಿದನು. ಗದುಗಿನ ಭಾರತದ ಕವಿ ಕುಮಾರವ್ಯಾಸನೆಂಬ ಹೆಸರಿನಲ್ಲಿಯೇ ತನ್ನ ಋಣವನ್ನು ಸಾರಿದನು. ಈ ಇಬ್ಬರ ಸ್ವಂತಿಕೆಗೆ ಅದರಿಂದ ಕುಂದು ಬಂದಿತೆಂದು ಯಾರೂ ಹೇಳುವಂತಿಲ್ಲ. ಋಣವನ್ನು ಒಪ್ಪಿಕೊಂಡರೆ ತನ್ನ ಕೃತಿಯ ಬೆಲೆ ಇಳಿಯುವುದೆಂದು ಅಂಜುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉತ್ತಮ ಸಮಾಧಾನ ಬೇಕಿಲ್ಲ.

ವಚನಗಳ ಅಂಕಿತವೂ ಇಲ್ಲಿ ಪರಿಶೀಲನಾರ್ಹ. ಕೂಡಲಸಂಗಮದೇವನೆಂದರೆ ಬಸವಣ್ಣ, ಗುಹೇಶ್ವರನೆಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ ಎಂಬುದು ಕನ್ನಡಿಗರಿಗೆಲ್ಲ ತಿಳಿದ ಮಾತು. ಹದಿನೈದನೆಯ ಶತಮಾನದಿಂದ ಈಚೆಗೆ ಶೂನ್ಯಸಂಪಾದನೆಗಳನ್ನು ಕಟ್ಟಿದವರು ಬೇರೆ ಬೇರೆ ಶರಣರ ವಚನಗಳನ್ನು ಸಂವಾದರೂಪವಾಗಿ ಹೆಣೆದರೂ ಆಯಾ ವಚನದ ಅಂಕಿತ ಅದರೊಡನೆಯೇ ನಡೆಯಿತು. ಆದುದರಿಂದಲೇ ಇಂದು ನಾವು ಅಲ್ಲಿಯ ಒಂದೊಂದು ಮಾತು ಯಾರ ಹೆಸರಿನಲ್ಲಿ ನಡೆದುಬಂದುದೆಂಬುದನ್ನು ಬೇರ್ಪಡಿಸಿ ತೋರಿಸಬಹುದಾಗಿದೆ. ಸಂಗ್ರಹಿಸುವುದು ತಪ್ಪಲ್ಲ, ಹೆಣಿಗೆ ಸಂಗ್ರಾಹಕನದೇ, ಎಳೆ ಯಾರದೆಂಬುದು ತಿಳಿಯುವಂತಿರಬೇಕು, ಅಷ್ಟೆ.

ಇದಕ್ಕೆ ಪ್ರತಿಯಾದ ಉದಾಹರಣೆ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿದೆ. ಕ್ರಿ.ಶ. ೧೨೬೦ರ ಸುಮಾರಿನ ಈ ವ್ಯಾಕರಣದ ಪೀಠಿಕಾಭಾಗದಲ್ಲಿ ಅವನು ತನಗೆ ಲಕ್ಷ್ಯವಾದ ಕವಿಗಳನ್ನು ಎಣಿಸುತ್ತಾನೆ: ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಹೊನ್ನ, ಹಂಪ, ಸುಜನೋತ್ತಂಸ. ಇಷ್ಟರಮಟ್ಟಿಗೆ ಅವನು ಪ್ರಾಮಾಣಿಕ. ಆದರೆ ಸೂತ್ರಗಳ ಕೆಳಗೆ ಉದಾಹರಣೆಗಳನ್ನು ಕೊಡುವಾಗ, ಹೆಚ್ಚಿನವು ಯಾವ ಕವಿಯ ಯಾವ ಕಾವ್ಯದವೆಂಬುದನ್ನು ಹೇಳುವುದಿಲ್ಲ. ಅವನನ್ನು ನಾವು ದೂಷಿಸಲಾಗದು. ಅವನ ಓದುಗರಿಗೆ ಆ ಕಾವ್ಯಗಳು ಬಾಯಿಗೆ ಬರುತ್ತಿದ್ದವು. ಬಲ್ಲವರ ಮುಂದೆ ಹೆಸರು ಹೇಳುವ ಅಗತ್ಯ ಅವನಿಗೆ ತೋರಲಿಲ್ಲ. ಪಂಪ ಪೊನ್ನರ ಕಾವ್ಯಗಳು ಉಳಿದುಬಂದುದರಿಂದ ಅವರಿಂದ ತೆಗೆದ ಪದ್ಯಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಗಜಗನ ಕಾವ್ಯವಾಗಲಿ ಅಸಗನ ಕನ್ನಡ ಕಾವ್ಯವಾಗಲಿ ಉಳಿದಿಲ್ಲ. ಆಕರ ತಿಳಿಯದೆ ಉಳಿದ ಉದಾಹರಣೆಗಳಲ್ಲಿ ಅವರ ಪದ್ಯಗಳೂ ಇರಬಹುದು. ಇದ್ದರೂ ಕೈಯಿಟ್ಟು ತೋರಿಸಲು ನಮ್ಮಿಂದಾಗದು. ಒಂದು ಕಾಲದ ಸರ್ವವಿದಿತ ಸಂಗತಿ ಮುಂದಿನ ಕಾಲಕ್ಕೆ ಬಿಡಿಸಲಾಗದ ಒಗಟಾಗುತ್ತದೆಂಬುದಕ್ಕೆ ಇದು ನಿದರ್ಶನ. ಪದ್ಯ ಉಳಿದು ಕವಿ ಕಳೆದುಹೋದನು.

೩

ಆಧುನಿಕ ಸಂಶೋಧನೆ ನಿಂತಿರುವುದು ಹಿಂದಿನವರು ಬಿಟ್ಟ ಇಂತಹ ಸುಳಿವುಗಳ ಮೇಲೆ. ೧೯೦೭, ೧೯೧೯ ಮತ್ತು ೧೯೨೯ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ‘ಕರ್ಣಾಟಕ ಕವಿಚರಿತೆ’ಯಲ್ಲಿ ಆರ್. ನರಸಿಂಹಾಚಾರ್ಯರು ಕವಿಗಳ ಕಾಲವನ್ನು ನಿರ್ಣಯಿಸುವಾಗ, ಯಾರು ಯಾರನ್ನು ಸ್ಮರಿಸಿದ್ದಾರೆ, ಯಾರ ಪದ್ಯ ಯಾರಲ್ಲಿ ಉದಾಹೃತವಾಗಿದೆ ಎಂಬುದನ್ನು ಮುಖ್ಯ ಸಾಧನವಾಗಿ ಬಳಸಿಕೊಂಡರು. ಸ್ಮರಿಸಿದವನು ಸ್ಮೃತನಾದವನಿಗಿಂತ ಈಚಿನವನಾಗಿರಲೇಬೇಕಲ್ಲವೆ? ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿಯೂ ಶಬ್ದದ ಪಕ್ಕದಲ್ಲಿ ಅದು ಕಂಡುಬರುವ ಗ್ರಂಥದ ಸಂಕೇತಾಕ್ಷರಗಳಿವೆ. ಓದುಗನು ಕಿಟ್ಟೆಲರನ್ನು ಸುಮ್ಮನೆ ನಂಬಬೇಕಾಗಿಲ್ಲ. ಮೂಲವನ್ನು ತೆರೆದು ನೋಡಿ ಒಪ್ಪಬಹುದು, ಅಥವಾ ತಿದ್ದಬಹುದು. ಆಕರನಿರ್ದೇಶದ ನಿಜವಾದ ಪ್ರಯೋಜನ ಇದೇ. ಅದು ಹಿಂದಿನವರಿಗೆ ಸಲ್ಲಿಸುವ ಗೌರವ ಮಾತ್ರವಲ್ಲ, ಮುಂದಿನವರು ನಮ್ಮನ್ನು ಪರೀಕ್ಷಿಸಲು ತೆರೆದಿಟ್ಟ ದಾರಿ.

ಕಾನೂನಿನ ಮಾತನ್ನೂ ಸಂಕ್ಷೇಪವಾಗಿ ಹೇಳಬೇಕು. ೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಸಾಹಿತ್ಯಕೃತಿಯ ಹಕ್ಕು ಸಾಮಾನ್ಯವಾಗಿ ಗ್ರಂಥಕರ್ತನ ಮರಣಾನಂತರ ೬೦ ವರ್ಷಗಳವರೆಗೆ ಇರುತ್ತದೆ. ಆ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಗ್ರಂಥವನ್ನು ಅಚ್ಚುಮಾಡಬಹುದು. ಆದರೆ ಅದನ್ನು ತನ್ನದೆಂದು ಹೇಳಿಕೊಳ್ಳುವ ಹಕ್ಕು ಎಂದಿಗೂ ಬರುವುದಿಲ್ಲ. ಸ್ವಾಮ್ಯ ತೀರಿದರೂ ಋಣ ತೀರದು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೧೮ರಲ್ಲಿ ಹೊರಡಿಸಿದ ನಿಯಮಾವಳಿ ಸಾಮ್ಯದ ಪ್ರಮಾಣವನ್ನು ಅನುಸರಿಸಿ ದಂಡನೆಯನ್ನು ಗೊತ್ತುಮಾಡಿದೆ: ಶೇಕಡ ೧೦ರವರೆಗೆ ದಂಡನೆಯಿಲ್ಲ, ೧೦ರಿಂದ ೪೦ರವರೆಗೆ ಇದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿದ ಪ್ರತಿಯನ್ನು ಸಲ್ಲಿಸಬೇಕು, ೪೦ರಿಂದ ೬೦ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ೬೦ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಗಣಕಯಂತ್ರದಿಂದ ಮಾಡುವ ಈ ಅಳತೆ ಪ್ರಧಾನವಾಗಿ ರಾಜಶೇಖರನ ಶಬ್ದಹರಣಕ್ಕೆ ಸಂಬಂಧಿಸಿದುದು. ಅರ್ಥಹರಣವನ್ನು ಕಂಡುಹಿಡಿಯಲು ಓದಿದ ಅಧ್ಯಾಪಕನೇ ಬೇಕು. ಅದಕ್ಕಿಂತ ಮೊದಲು ಬರೆಯುವವನ ಅಂತಃಸಾಕ್ಷಿ ಬೇಕು. ಶೇಕಡ ೯ಕ್ಕೆ ಇಳಿಸಿದ ಪ್ರಬಂಧವೆಲ್ಲ ಶುದ್ಧವೆಂದು ಯಾರೂ ಭ್ರಮಿಸಬಾರದು.

೪

ಇನ್ನು ವಿದ್ಯಾರ್ಥಿಗಳು ಆಚರಣೆಯಲ್ಲಿ ಅನುಸರಿಸಬೇಕಾದ ಕೆಲವು ಕ್ರಮಗಳನ್ನು ಸೂಚಿಸಿ ಲೇಖನವನ್ನು ಮುಗಿಸುತ್ತೇವೆ. ನಮ್ಮ ಅನುಭವದಲ್ಲಿ ಹೆಚ್ಚಿನ ಚೌರ್ಯ ಬರೆಯುವಾಗ ಆಗುವುದಲ್ಲ, ಟಿಪ್ಪಣಿ ಮಾಡಿಕೊಳ್ಳುವಾಗಲೇ ಆಗಿರುತ್ತದೆ. ಮೂರು ತಿಂಗಳ ಹಿಂದೆ ಗ್ರಂಥಭಂಡಾರದಲ್ಲಿ ಕುಳಿತು ಬರೆದುಕೊಂಡ ಸಾಲು ಪುಸ್ತಕದ್ದೋ ತನ್ನದೋ ಎಂಬುದು ವಿದ್ಯಾರ್ಥಿಗೇ ಮರೆತುಹೋಗುತ್ತದೆ. ಆದುದರಿಂದ ಚೀಟಿಯ ತಲೆಯಲ್ಲಿ ಗ್ರಂಥಕಾರ, ಗ್ರಂಥ, ಮುದ್ರಣದ ವರ್ಷ, ಪುಟ ಇವನ್ನು ಬರೆಯದೆ ಒಂದಕ್ಷರವನ್ನೂ ನಕಲು ಮಾಡಬಾರದು. ನಕಲು ಮಾಡಿದ ಮಾತು ಉದ್ಧರಣಚಿಹ್ನೆಯೊಳಗಿರಲಿ. ತನ್ನ ಆಲೋಚನೆ ಚೀಟಿಯ ಹಿಂಬದಿಯಲ್ಲಿರಲಿ.

ಪುಸ್ತಕದ ವಿಷಯವನ್ನು ತನ್ನ ಮಾತಿನಲ್ಲಿ ಹೇಳಬೇಕಾದಾಗ ಪುಸ್ತಕವನ್ನು ಮುಚ್ಚಿ ಬರೆಯಬೇಕು. ಆಮೇಲೆ ತೆರೆದು ಹೋಲಿಸಬೇಕು. ತೆರೆದಿಟ್ಟುಕೊಂಡು ಬರೆದರೆ ಪ್ರತಿಬಿಂಬವೇ ಮೂಡುತ್ತದೆ. ಮಾತು ತನ್ನದಾದರೂ ವಿಚಾರ ಪರರದಾಗಿರುವುದರಿಂದ ಆಗಲೂ ಆಕರವನ್ನು ಹೇಳಬೇಕು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ವಿಚಾರಕ್ಕೂ ಇದೇ ನಿಯಮ. ಭಾಷೆ ಬದಲಾದೊಡನೆ ಒಡೆಯ ಬದಲಾಗುವುದಿಲ್ಲ. ಕೇಶಿರಾಜನ ಮಾತನ್ನು ಕವಿಚರಿತೆಯಲ್ಲಿ ನೋಡಿ, ‘ಶಬ್ದಮಣಿದರ್ಪಣ’ವನ್ನೇ ಓದಿದಂತೆ ಟಿಪ್ಪಣಿ ಹಾಕುವ ಅಭ್ಯಾಸ ಅಧ್ಯಾಪಕರಲ್ಲಿಯೂ ಉಂಟು. ಎಲ್ಲಿ ನೋಡಿದೆವೋ ಅದನ್ನೇ ಹೇಳುವುದು ಪ್ರಾಮಾಣಿಕತೆ. ಇಲ್ಲವಾದರೆ ಮೊದಲಿನವನ ಅಚ್ಚಿನ ತಪ್ಪೂ ನಮ್ಮ ಹೆಸರಿನಲ್ಲಿ ಮುಂದುವರಿಯುತ್ತದೆ. ಯಂತ್ರದಿಂದ ಬರೆಯಿಸಿಕೊಂಡ ವಾಕ್ಯಗಳು ಈಚೆಗೆ ಪ್ರಬಂಧಗಳಲ್ಲಿ ಕಾಣತೊಡಗಿವೆ. ಕೊಂಡ ಕವಿತೆಯ ವಿಷಯದಲ್ಲಿ ರಾಜಶೇಖರನ ತೀರ್ಮಾನ ಇವಕ್ಕೂ ಅನ್ವಯಿಸುತ್ತದೆಂದು ನಮ್ಮ ಅಭಿಪ್ರಾಯ.

ಎಲ್ಲದಕ್ಕೂ ಟಿಪ್ಪಣಿ ಬೇಕೆ ಎಂಬ ಪ್ರಶ್ನೆ ಏಳುತ್ತದೆ. ಬೇಡ. ಪಂಪನು ಹತ್ತನೆಯ ಶತಮಾನದವನೆಂಬುದಕ್ಕೆ ಆಕರ ಬೇಕಿಲ್ಲ. ‘ಕವಿರಾಜಮಾರ್ಗ’ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬುದು ವಿವಾದಗ್ರಸ್ತ, ಅಲ್ಲಿ ಯಾರ ಮತವನ್ನು ಅನುಸರಿಸಿದೆವೆಂಬುದನ್ನು ಹೇಳಲೇಬೇಕು. ಸಂಶಯ ಬಂದಾಗ ಹೆಸರಿಸುವುದೇ ಲೇಸು. ಬಲ್ಲವರಿಗೆ ಅನಾವಶ್ಯಕವೆಂದು ತೋರಿದ ಹೆಸರನ್ನು ಬಿಟ್ಟುದರಿಂದ ಆದ ನಷ್ಟವನ್ನು ಕೇಶಿರಾಜನಲ್ಲಿ ಕಂಡಿದ್ದೇವೆ.

ಅಧ್ಯಾಪಕರ ಹೊಣೆಯೂ ಇಲ್ಲಿ ಸಣ್ಣದಲ್ಲ. ತರಗತಿಯಲ್ಲಿ ಟಿಪ್ಪಣಿಗಳನ್ನು ಹೇಳಿ ಬರೆಯಿಸುವಾಗ, ಇದು ಇಂತಹವರ ಅಭಿಪ್ರಾಯವೆಂದು ನಾವೇ ಹೇಳದಿದ್ದರೆ ವಿದ್ಯಾರ್ಥಿ ಎಲ್ಲಿಂದ ಕಲಿಯಬೇಕು? ವಿಮಳೋದಯನ ಒಂದು ವಾಕ್ಯವೂ ನಮಗೆ ದೊರೆತಿಲ್ಲ. ಆದರೂ ಅವನಿದ್ದನೆಂದು ನಾವು ಬಲ್ಲೆವು, ಏಕೆಂದರೆ ಅವನ ಹಿಂದೆ ಬಂದವನೊಬ್ಬನು ಅವನ ಹೆಸರನ್ನು ಬರೆದಿಟ್ಟನು. ವಿದ್ಯಾರ್ಥಿಯ ಸಣ್ಣ ಪ್ರಬಂಧದ ಅಡಿಟಿಪ್ಪಣಿಯೂ ಅದೇ ಕೆಲಸವನ್ನು ಮಾಡುತ್ತದೆ.