ಲೋಟದ ಚರಿತ್ರೆ

ಚರಿತ್ರೆ ಅಂದ್ರೆ ರಾಜರ ಕತ್ತಿ, ರಾಜರ ಕೋಟೆ ಅಂತ ನಮಗೆ ಶಾಲೆ ಕಲಿಸಿತು. ಲೋಟಕ್ಕೂ ಒಂದು ಚರಿತ್ರೆ ಇದೆ ಅಂತ ಯಾವ ಪಾಠವೂ ಹೇಳಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಕೇರಿಗಳಲ್ಲಿ ಹುಟ್ಟಿದ ನಮಗೆ ಆ ಚರಿತ್ರೆ ಹಿರಿಯರ ಬಾಯಿಂದ ಬಂತು. ಚಾದಂಗಡಿಯ ಹೊರಗೆ ಕುಕ್ಕರಗಾಲಲ್ಲಿ ಕೂರಬೇಕು. ಗೂಡಿನಲ್ಲಿಟ್ಟ ಬೇರೆ ಲೋಟ ತಾನೇ ತಗೋಬೇಕು. ಮೇಲಿನಿಂದ ಹುಯ್ದ ಚಾ ಕುಡಿದು, ತಾನೇ ತೊಳೆದು, ಮತ್ತೆ ಅಲ್ಲೇ ಇಡಬೇಕು. ಕೊಟ್ಟ ಕಾಸಿಗೆ ಮಾತ್ರ ಮೈಲಿಗೆ ಇರಲಿಲ್ಲ!

ಈಗ ನಮ್ಮ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅಲ್ಲಿನ ಹೋಟ್ಲಲ್ಲಿ ಕೂತು ಉಣ್ಣುತ್ತಾರೆ, ಬಾರಿನಲ್ಲಿ ಬಣ್ಣಬಣ್ಣದ ಕಾಕ್‌ಟೇಲ್ ಪಟ್ಟಿ ನೋಡುತ್ತಾರೆ. ಜಾತಿ ಕೇಳೋರಿಲ್ಲ, ಜೇಬು ನೋಡೋರು ಇದ್ದಾರೆ. ಇದೇ ಸಮಾನತೆ ಅಂತ ಕೆಲವರು ನಂಬಿದ್ದಾರೆ. ಹೌದಾ? ಲೋಟದ ಚರಿತ್ರೆಯನ್ನೇ ಕೇಳೋಣ.

ಹಲವು ಪಾನೀಯ ಬೆರೆಸಿ ಕುಡಿಯೋದು ಬರೀ ಬಿಳಿಯರ ವಿದ್ಯೆಯಲ್ಲ. 17ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಂಗ್ಲಿಷ್ ವರ್ತಕರು, ನಾವಿಕರು ಈ ಕಡೆಯ ಸಾರಾಯಿಗೆ ಸಕ್ಕರೆ, ನಿಂಬೆರಸ, ನೀರು, ಮಸಾಲೆ ಸೇರಿಸಿ 'ಪಂಚ್' ಮಾಡಿದರು. ಐದು ಪದಾರ್ಥ ಇದ್ದದ್ದಕ್ಕೆ ನಮ್ಮ 'ಪಂಚ'ದಿಂದಲೇ ಆ ಹೆಸರು ಹೋಯಿತೆಂದು ಹೇಳುತ್ತಾರೆ. ಸಾರಾಯಿ ನಮ್ಮದು, ಹೆಸರು ನಮ್ಮದು. ಒಂದೇ ಬಟ್ಟಲಲ್ಲಿ ಐದು ಬೆರೆತವು. ಆ ಬಟ್ಟಲನ್ನು ಮುಟ್ಟುವ ಹಕ್ಕು ಮಾತ್ರ ಪಂಚಮನಿಗೆ ಸಿಗಲಿಲ್ಲ.

ಇಂದಿನ ಬೆಂಗಳೂರು ಕ್ಲಬ್ 1868ರಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಕಟ್ಟಿಕೊಂಡ ಕ್ಲಬ್ಬು. 1896ರಲ್ಲಿ ಬೆಂಗಳೂರಿಗೆ ಬಂದ ತರುಣ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ ಅಲ್ಲಿ 13 ರೂಪಾಯಿ ಬಾಕಿ ಉಳಿಸಿ ಹೋದ. ವಸೂಲಾಗದ ಸಾಲ ಅಂತ ಬರೆದ ಆ ಲೆಕ್ಕದ ಪುಸ್ತಕವನ್ನು ಕ್ಲಬ್ಬು ಹೆಮ್ಮೆಯಿಂದ ಕಾಪಾಡಿಕೊಂಡಿದೆ. ಅಷ್ಟೇ ಸಾಲಕ್ಕೆ ನಮ್ಮ ಕೇರಿಯ ಗಂಡಸರು ಗೌಡರ ಮನೆಯಲ್ಲಿ ಜೀತಕ್ಕೆ ನಿಂತರು. ಅಪ್ಪನ ಸಾಲಕ್ಕೆ ಮಗ ದನ ಕಾಯ್ದ. ಜೀತ ಅಳಿಸಲು 1976ರ ಕಾಯ್ದೆಯೇ ಬರಬೇಕಾಯಿತು. ದೊರೆಯ ಸಾಲ ಸ್ಮಾರಕವಾಯಿತು, ಬಡವನ ಸಾಲ ಸಂಕೋಲೆಯಾಯಿತು.

ಹೋಟ್ಲಿನ ಕಥೆಯೂ ಇದೇ. 20ನೇ ಶತಮಾನದ ಮೊದಲ ದಶಕಗಳಲ್ಲಿ ಉಡುಪಿ ಕಡೆಯ ಬ್ರಾಹ್ಮಣರು ಊರೂರಿಗೆ ಹೋಗಿ ಹೋಟ್ಲು ತೆರೆದರು. ಬೆಂಗಳೂರಿನ ಎಂ.ಟಿ.ಆರ್. ಶುರುವಾದದ್ದು 1924ರಲ್ಲಿ. ಬ್ರಾಹ್ಮಣ ಬೇಯಿಸಿದ್ದನ್ನು ಎಲ್ಲ ಜಾತಿಯವರೂ ಉಣ್ಣಬಹುದು, ಹಾಗಾಗಿ ಜಾತಿಯೇ ಅವರ ಮೂಲ ಬಂಡವಾಳವಾಯಿತು. ಆ ಕಾಲದ ಎಷ್ಟೋ ಹೋಟ್ಲುಗಳಲ್ಲಿ ಬ್ರಾಹ್ಮಣರಿಗೆ ಒಳಗಡೆ ಬೇರೆ ಕೋಣೆ. ಲಿಂಗಾಯತ ಖಾನಾವಳಿ ಬಂತು, ಮಾಂಸದೂಟದ ಮಿಲಿಟರಿ ಹೋಟ್ಲು ಬಂತು. ಬೋರ್ಡಿನ ಮೇಲೆ ಬಾಯಿರುಚಿಯ ಜೊತೆ ಜಾತಿಯೂ ಇತ್ತು. ಹೊಲೆಯ ಮಾದಿಗರ ಅಡುಗೆಗೆ ಬೋರ್ಡೇ ಇರಲಿಲ್ಲ. ನಮ್ಮವರು ಕಟ್ಟಿಗೆ ಒಡೆದರು, ಎಂಜಲೆಲೆ ಎತ್ತಿದರು. ಎಲೆಯ ಮುಂದೆ ಕೂರಲಿಲ್ಲ.

ಇದನ್ನು ಬಲ್ಲ ಬಾಬಾಸಾಹೇಬರ ಕಾಲದಲ್ಲಿ ಸಂವಿಧಾನದೊಳಗೇ ಹೋಟೆಲ್ ಎಂಬ ಶಬ್ದ ಬಂತು. 15ನೇ ವಿಧಿಯ ಎರಡನೇ ಖಂಡ ಓದಿ: ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶಕ್ಕೆ ಜಾತಿಯ ಅಡ್ಡಿ ಸಲ್ಲದು. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಇನ್ನೂ ಕೆಳಗಿಳಿದು ಪಾತ್ರೆಯ ತನಕ ಬಂತು. ಹೋಟ್ಲಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆ ಬಳಸಲು ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿಪಡಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲಾ 500 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. 1976ರಲ್ಲಿ ಇದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯಿತು, ದಂಡದ ಜೊತೆ ಕನಿಷ್ಠ ಒಂದು ತಿಂಗಳ ಜೈಲು ಕಡ್ಡಾಯವಾಯಿತು. ಅಂದ್ರೆ ಗೂಡಿನ ಬೇರೆ ಲೋಟ 1955ರಿಂದಲೇ ಅಪರಾಧಿ. ಆದರೂ ಅದು ದಶಕಗಟ್ಟಲೆ ಅಲ್ಲೇ ಕೂತಿತ್ತು. ಯಾಕೆ?

ಉತ್ತರಕ್ಕೆ ಅಮೆರಿಕದ ಕಡೆ ನೋಡಬೇಕು. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯಲ್ಲಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು, ಆಮೇಲೆ ನೂರಾರು ಜನ. ಜುಲೈ ಹೊತ್ತಿಗೆ ಆ ಕಟ್ಟೆ ಎಲ್ಲರಿಗೂ ತೆರೆಯಿತು. ಅವರ ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದು 1964ರಲ್ಲಿ. ಅಲ್ಲಿ ಜನ ಮೊದಲು ಕೂತರು, ಕಾನೂನು ಹಿಂದೆ ಬಂತು. ಇಲ್ಲಿ ಕಾನೂನು ಮೊದಲು ಬಂತು, ಕೂರೋ ಜನಕ್ಕೆ ಕೂಲಿಯ ಭಯ, ಬಹಿಷ್ಕಾರದ ಭಯ. ಚಾದಂಗಡಿಯಲ್ಲಿ ಕೂತವನಿಗೆ ಮರುದಿನ ಹೊಲದಲ್ಲಿ ಕೆಲಸ ಇಲ್ಲ!

1970ರ ದಶಕದಲ್ಲಿ ಚನ್ನಗಿರಿಯ ನೆರೆಯ ಭದ್ರಾವತಿಯಲ್ಲಿ, ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ ಮತ್ತು ಸಂಗಾತಿಗಳು ದಲಿತ ಸಂಘರ್ಷ ಸಮಿತಿ ಕಟ್ಟಿದ ಮೇಲೆ ಆ ಭಯಕ್ಕೆ ಎದುರು ನಿಲ್ಲೋ ಬಲ ಬಂತು. ಭೂಮಿ ಕೇಳಿದ ಬಾಯೇ ಒಂದೇ ಲೋಟವನ್ನೂ ಕೇಳಿತು. ಸಾರಾಯಿ ಬೇಡ, ವಸತಿ ಶಾಲೆ ಕೊಡಿ ಅಂತಲೂ ಕೇಳಿತು. ಯಾಕಂದ್ರೆ ಚಾದಂಗಡಿ ನಮ್ಮನ್ನು ಹೊರಗಿಟ್ಟಾಗ ಸಾರಾಯಿ ಅಂಗಡಿ ಮಾತ್ರ ಕೇರಿಯ ಬಾಗಿಲಿಗೇ ಬಂದಿತ್ತು. ಗುತ್ತಿಗೆದಾರ ಪಾಕೀಟಿನಲ್ಲಿ ಕಟ್ಟಿ ಮಾರಿದ. ಪಾಕೀಟಿಗೆ ಲೋಟವೇ ಬೇಡ, ಮೈಲಿಗೆಯ ತಕರಾರೂ ಇಲ್ಲ! ನಮ್ಮ ತಾಯಂದಿರ ಕೂಲಿ ಗುತ್ತಿಗೆದಾರನಿಗೂ ಸರ್ಕಾರಕ್ಕೂ ಹಂಚಿಹೋಯಿತು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಷೇಧಿಸಿತು. ಬಾಟಲಿ ಬ್ರಾಂದಿ ನಿಂತಿತಾ? ಇಲ್ಲ.

ಹಾಗಾದರೆ ನಗರದ ಮೇಜು? ಅದನ್ನು ನಾವು ಹಳಿಯುವುದಿಲ್ಲ. ಹೆಸರಿಲ್ಲದೆ, ಕೇರಿ ಹೇಳದೆ ಒಂದು ದೋಸೆ ತಿನ್ನೋದು ಸಣ್ಣ ಬಿಡುಗಡೆಯಲ್ಲ. ಆದರೆ ಅದು ಗುರುತು ಸಿಗದೆ ಇರೋದರಿಂದ ಬಂದ ಬಿಡುಗಡೆ. ಗುರುತು ಹೇಳಿಯೂ ಜೊತೆಗೆ ಕೂರುವಂತಾದರೆ ಮಾತ್ರ ಅದು ಸಮಾನತೆ. ಪೇಟೆಯ ಬಾರಿನಲ್ಲಿ ರಾತ್ರಿ ಒಂದೇ ಬಾಟಲಿ ಹಂಚಿಕೊಂಡವನು, ಬೆಳಗ್ಗೆ ಊರಿನ ಹಜಾರದಲ್ಲಿ ನಮ್ಮನ್ನು ಕೂರಿಸುತ್ತಾನಾ? ಅಮಲಿನಲ್ಲಿ ಬಂದ ಸಮಾನತೆ ಅಮಲಿನ ಜೊತೆಗೇ ಇಳಿಯುತ್ತದೆ.

ಈಗ ಗೂಡಿನ ಲೋಟ ಹೋಗಿ ಕಾಗದದ ಕಪ್ಪು ಬಂದಿದೆ. ಊರವರಿಗೆ ಗಾಜಿನ ಲೋಟ, ನಮಗೆ ಬಿಸಾಡೋ ಕಪ್ಪು ಕೊಡುವ ಅಂಗಡಿಯಲ್ಲಿ ಸಾಕ್ಷಿಯೂ ಕಸದ ಜೊತೆ ಹೋಗುತ್ತದೆ. ಗೆಳೆಯರೇ, ಮೇಷ್ಟ್ರುಗಳೇ, ನಿಮ್ಮೂರಿನ ಚಾದಂಗಡಿಗೆ ಹೋಗಿ. ಯಾರಿಗೆ ಯಾವುದು ಕೊಡುತ್ತಾರೆ ನೋಡಿ, ಬರೆದಿಡಿ. ಕಾಯ್ದೆಯ ನಾಲ್ಕನೇ ಕಲಮನ್ನು ಶಾಲೆಯ ಹಲಗೆಯ ಮೇಲೆ ಬರೆಯಿರಿ. ಆಮೇಲೆ ಹತ್ತು ಜನ ಒಟ್ಟಿಗೆ ಒಳಗೆ ಹೋಗಿ, ಬೆಂಚಿನ ಮೇಲೆ ಕೂತು, ಗಾಜಿನ ಲೋಟದಲ್ಲೇ ಚಾ ಕೇಳಿ. ಕೊಡೋ ತನಕ ಏಳಬೇಡಿ.